ಕೆರೆಯ ನೀರೂ ನೀರುಗಂಟಿಯೂ
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಕನ್ನಡದ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಕಾರ್ಯದರ್ಶಿಗಳು ನನ್ನನ್ನು ಕರೆಯಲು ಬಂದಾಗ, "ಅದಕ್ಕೆ ನನಗಿಂತ ಯೋಗ್ಯರು ಬೇಕಾದಷ್ಟು ಮಂದಿ ಇದ್ದಾರೆ, ನನಗೆ ಗೊತ್ತಿರುವುದು ಗಣಕಯಂತ್ರವೊಂದೇ" ಎಂದೆ. "ಅದನ್ನೇ ಹೇಳಿ. ಪುಣೆಯ ಕನ್ನಡಿಗರಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ ಅಲ್ಲವೇ?" ಎಂದರು. ಆದುದರಿಂದ ನಿಮ್ಮ ತಾಳ್ಮೆಯನ್ನು ಸ್ವಲ್ಪ ಪರೀಕ್ಷಿಸುತ್ತೇನೆ.

ನಾನು ಕೋಲಾರದ ಕಡೆಯವನು. ನಮ್ಮ ಸೀಮೆಯಲ್ಲಿ ಹೊಳೆಯೆಂಬುದು ಹೆಸರಿಗೆ ಮಾತ್ರ, ಬದುಕೆಲ್ಲ ಕೆರೆಯದು. ಆ ಕೆರೆಗೆ ನೀರುಗಂಟಿ ಎಂಬೊಬ್ಬನಿರುತ್ತಿದ್ದ. ಧಾರವಾಡ, ವಿಜಾಪುರದ ಮಿತ್ರರು ಈ ಮಾತನ್ನು ಕೇಳಿರಲಿಕ್ಕಿಲ್ಲ. ತೂಬು ಎತ್ತುವವನು ಅವನೇ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡುವವನು ಅವನೇ, ಏರಿಯಲ್ಲಿ ಬಿರುಕು ಕಂಡರೆ ನಡುರಾತ್ರಿಯಲ್ಲಿ ಊರನ್ನು ಎಬ್ಬಿಸುವವನೂ ಅವನೇ. ನೀರು ಎಲ್ಲರದು, ಕಾವಲು ಒಬ್ಬನದು. ಹೂಳು ತೆಗೆಯುವುದಕ್ಕೆ ಮಾತ್ರ ಊರೆಲ್ಲ ಸೇರುತ್ತಿತ್ತು.

ಗಣಕಗಳ ಲೋಕದಲ್ಲಿಯೂ ಇಂಥ ಕೆರೆಗಳುಂಟು. ಅವಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಬರೆದವರು ತಮ್ಮ ಬರಹವನ್ನು ಮುಚ್ಚಿಡದೆ ಎಲ್ಲರಿಗೂ ಬಿಟ್ಟುಕೊಡುತ್ತಾರೆ. ಬೇಕಾದವರು ಓದಬಹುದು, ಬಳಸಬಹುದು, ತಿದ್ದಬಹುದು. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಗ್ನೂ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಹೊರಗಿಟ್ಟರು. ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದು ಅದೇ. ಆ ಫೋನಿನಲ್ಲಿ ಕನ್ನಡದ ಒತ್ತಕ್ಷರ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದಲ್ಲ, ಅದು ಹಾರ್ಫ್‌ಬಝ್ ಎಂಬ ಮತ್ತೊಂದು ಮುಕ್ತ ತಂತ್ರಾಂಶದ ಕೆಲಸ. ನಾವು ಯಾರೂ ಅದಕ್ಕೆ ಮೂರು ಕಾಸು ಕೊಟ್ಟಿಲ್ಲ.

ಈಗ ಐದಾರು ವರ್ಷಗಳಿಂದ ಒಂದು ಹೊಸ ಸಂಗತಿ ನಡೆದಿದೆ. ೨೦೨೧ರ ಜೂನ್ ತಿಂಗಳಲ್ಲಿ ಗಿಟ್‌ಹಬ್ ಸಂಸ್ಥೆಯವರು ಕೋಪೈಲಟ್ ಎಂಬ ಸಾಧನವನ್ನು ಪರೀಕ್ಷೆಗೆ ಬಿಟ್ಟರು. ನಾವು ಎರಡು ಸಾಲು ಬರೆದರೆ ಮುಂದಿನ ಹತ್ತು ಸಾಲನ್ನು ಅದೇ ಬರೆಯುತ್ತದೆ. ಅನಂತರ ಬಂದವು ಇನ್ನೂ ಚುರುಕು. ಬಾಯಲ್ಲಿ ಹೇಳಿದರೆ ಇಡೀ ಕಾರ್ಯಕ್ರಮವನ್ನೇ ಕಟ್ಟಿಕೊಡುತ್ತವೆ. ಇವು ವಿದ್ಯೆ ಕಲಿತದ್ದು ಎಲ್ಲಿ? ಬಹುಪಾಲು ಇದೇ ಮುಕ್ತ ಬರಹಗಳಿಂದ. ಅದು ನ್ಯಾಯವೇ ಎಂದು ಕೆಲವರು ೨೦೨೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದಾವೆ ಹೂಡಿದರು. ಆ ಮಾತನ್ನು ವಕೀಲರಿಗೆ ಬಿಡೋಣ. ನನ್ನ ಚಿಂತೆ ನೀರುಗಂಟಿಯದು.

ಸ್ವೀಡನ್ನಿನಲ್ಲಿ ಡೇನಿಯಲ್ ಸ್ಟೆನ್‌ಬರ್ಗ್ ಎಂಬ ಗೃಹಸ್ಥರಿದ್ದಾರೆ. ೧೯೯೮ರಿಂದ ಕರ್ಲ್ ಎಂಬ ತಂತ್ರಾಂಶವನ್ನು ಸಾಕಿಕೊಂಡು ಬಂದವರು. ಒಂದು ಯಂತ್ರ ಇನ್ನೊಂದರಿಂದ ಅಂತರಜಾಲದ ಮೂಲಕ ಮಾಹಿತಿ ತರಿಸಿಕೊಳ್ಳುವ ಕೆಲಸ ಅದರದು. ಫೋನು, ಟೆಲಿವಿಷನ್, ಮೋಟಾರು ಕಾರು, ಎಲ್ಲದರಲ್ಲಿಯೂ ಇದೆ. ಅದರಲ್ಲಿ ಕಳ್ಳರು ನುಗ್ಗಬಹುದಾದ ಬಿರುಕು ಕಂಡು ತಿಳಿಸಿದವರಿಗೆ ಬಹುಮಾನ ಕೊಡುವ ಏರ್ಪಾಡನ್ನು ೨೦೧೯ರಲ್ಲಿ ಮಾಡಿದರು. ವರ್ಷಗಳ ಕಾಲ ಚೆನ್ನಾಗಿಯೇ ನಡೆಯಿತು. ಆಮೇಲೆ ಯಂತ್ರಗಳಿಂದ ಬರೆಸಿದ ದೂರುಗಳು ಬರತೊಡಗಿದವು. ಭಾಷೆ ಸೊಗಸು, ಒಕ್ಕಣೆ ಅಚ್ಚುಕಟ್ಟು, ತಿರುಳು ಸೊನ್ನೆ. ಇಲ್ಲದ ಬಿರುಕನ್ನು ಇದೆಯೆಂದು ಪುಟಗಟ್ಟಲೆ ವಾದ. ಅದು ಸುಳ್ಳೆಂದು ತೋರಿಸಲು ಬಲ್ಲವರು ಗಂಟೆಗಟ್ಟಲೆ ಕೂತು ಓದಬೇಕು. ೨೦೨೫ರ ಹೊತ್ತಿಗೆ, ಬರುವ ದೂರುಗಳಲ್ಲಿ ನಿಜವಾದ ಬಿರುಕುಗಳು ನೂರಕ್ಕೆ ಐದರಷ್ಟು ಮಾತ್ರ ಎಂದರು ಅವರು. ೨೦೨೬ರ ಜನವರಿಯ ಕೊನೆಗೆ ಬಹುಮಾನವನ್ನೇ ನಿಲ್ಲಿಸಿಬಿಟ್ಟರು.

ನಮ್ಮ ಸ್ಮರಣ ಸಂಚಿಕೆಯ ಸಂಪಾದಕರು ಇಲ್ಲಿಯೇ ಇದ್ದಾರೆ. ಅವರಿಗೆ ವರ್ಷಕ್ಕೆ ನಲವತ್ತು ಲೇಖನ ಬಂದರೆ ಸಂತೋಷ. ನಾಳೆ ನಾಲ್ಕು ಸಾವಿರ ಬಂದರೆ? ಬರೆಯಲು ಒಂದು ಕ್ಷಣ, ಓದಲು ಮಾತ್ರ ಮೊದಲಿನಷ್ಟೇ ಹೊತ್ತು. ಕಷ್ಟವಿರುವುದು ಅಲ್ಲಿ.

ಯಂತ್ರವನ್ನೇ ಬಯ್ಯುವುದು ನನ್ನ ಉದ್ದೇಶವಲ್ಲ. ಅದೇ ಸ್ಟೆನ್‌ಬರ್ಗ್ ಅವರಿಗೆ ೨೦೨೫ರಲ್ಲಿ ಒಬ್ಬ ಸಂಶೋಧಕ, ಇಂಥ ಸಾಧನಗಳಿಂದಲೇ ಹುಡುಕಿ, ತಾನೂ ನೋಡಿ, ದೋಷಗಳ ಒಂದು ಪಟ್ಟಿಯನ್ನು ಕಳಿಸಿದ. ಹತ್ತಾರು ತಪ್ಪುಗಳು ನಿಜವೆಂದು ತಿಳಿದು ತಿದ್ದಲ್ಪಟ್ಟವು. ಇವರು ಮನಸಾರೆ ಹೊಗಳಿದರು. ಬಲ್ಲವನ ಕೈಯಲ್ಲಿ ಒಂದು ಬಗೆ, ಬಹುಮಾನದ ಆಸೆಯವನ ಕೈಯಲ್ಲಿ ಇನ್ನೊಂದು ಬಗೆ. ಬಲ್ಲವರೂ ಮೋಸಹೋಗುವುದುಂಟೆನ್ನಿ! ೨೦೨೫ರಲ್ಲಿ ಮೆಟರ್ ಎಂಬ ಅಮೆರಿಕದ ಸಂಸ್ಥೆ ನುರಿತ ೧೬ ಮಂದಿಗೆ, ಅವರೇ ಪಳಗಿದ್ದ ಮುಕ್ತ ತಂತ್ರಾಂಶಗಳಲ್ಲಿ, ೨೪೬ ಕೆಲಸಗಳನ್ನು ಕೊಟ್ಟು ನೋಡಿತು. ಸಾಧನ ಹಿಡಿದಾಗ ಶೇಕಡಾ ೧೯ರಷ್ಟು ಹೆಚ್ಚು ಹೊತ್ತು ತಗಲಿತು. ಮಾಡಿದವರು ಮಾತ್ರ ಶೇಕಡಾ ೨೦ರಷ್ಟು ಬೇಗ ಮುಗಿಸಿದೆವೆಂದೇ ನಂಬಿದ್ದರು.

ಇನ್ನೊಂದು ಬಗೆಯ ನಷ್ಟ ಸದ್ದಿಲ್ಲದ್ದು. ಟೇಲ್‌ವಿಂಡ್ ಎಂಬ ಮುಕ್ತ ತಂತ್ರಾಂಶವಿದೆ. ಜಾಲತಾಣಗಳ ಪುಟಗಳನ್ನು ಸಿಂಗರಿಸುವುದಕ್ಕೆ. ಜನ ಅದರ ಕೈಪಿಡಿ ಓದಲು ಬರುತ್ತಿದ್ದರು. ಬಂದವರಲ್ಲಿ ಕೆಲವರು ಅಲ್ಲಿ ಮಾರಾಟಕ್ಕಿದ್ದ ಬೇರೆ ಸರಕನ್ನು ಕೊಳ್ಳುತ್ತಿದ್ದರು. ಅದರಿಂದ ಕೆಲಸಗಾರರ ಸಂಬಳ. ಈಗ ಕೈಪಿಡಿಯಲ್ಲಿರುವುದನ್ನು ಯಂತ್ರವೇ ಹೇಳುತ್ತದೆ. ಬಳಸುವವರು ಹಿಂದೆಂದಿಗಿಂತ ಹೆಚ್ಚು, ಬರುವವರು ಕಡಿಮೆ. ಆದಾಯ ಶೇಕಡಾ ೮೦ರಷ್ಟು ಬಿದ್ದಿದೆಯೆಂದೂ, ತನ್ನ ಎಂಜಿನಿಯರುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿಯನ್ನು ಬಿಡಬೇಕಾಯಿತೆಂದೂ ೨೦೨೬ರ ಜನವರಿಯಲ್ಲಿ ಅದರ ಒಡೆಯರು ಹೇಳಿಕೊಂಡರು. ಪಂಪು ಹಚ್ಚಿ ಮನೆಗೇ ನೀರು ತರಿಸಿಕೊಂಡವನು ಏರಿಯ ಮೇಲೆ ಯಾಕೆ ಬಂದಾನು?

ಕೊನೆಯದಾಗಿ ಮನೆಯ ಮಾತು. ವಶೀಲಿಯಿಲ್ಲದ ನಮ್ಮ ಹುಡುಗರಿಗೆ ಈ ಕೆರೆಯ ಏರಿ ಒಂದು ಪಾಠಶಾಲೆಯೂ ಆಗಿತ್ತು. ಒಂದು ಸಣ್ಣ ತಪ್ಪು ತಿದ್ದಿ ಕಳಿಸಿದರೆ, ದೂರದೇಶದ ಹಿರಿಯನೊಬ್ಬ ಪುಕ್ಕಟೆ ಓದಿ, ಗದರಿ, ಕಲಿಸುತ್ತಿದ್ದ. ನನ್ನ ತಂಗಿಯ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಒಂದೇ ಸಂಜೆ ಯಂತ್ರದಿಂದ ಮೂರು ತಿದ್ದುಪಡಿ ಬರೆಸಿ ಒಂದು ಕಡೆಗೆ ಕಳಿಸಿದ. "ಈ ಸಾಲು ಯಾಕೆ ಬೇಕು?" ಎಂದು ಅಲ್ಲಿನವರು ಕೇಳಿದರು. ಇವನು ಆ ಪ್ರಶ್ನೆಯನ್ನೂ ಯಂತ್ರಕ್ಕೇ ಒಪ್ಪಿಸಿ, ಬಂದ ಉತ್ತರವನ್ನು ಹಾಗೆಯೇ ಅಂಟಿಸಿದ. ಮೂರನ್ನೂ ತಳ್ಳಿಹಾಕಿದರು.

"ಅವರಿಗೆ ಗರ್ವ, ಮಾವ" ಎಂದ.

"ನಿನಗೆ ಗೊತ್ತಿತ್ತೇನೋ, ಆ ಸಾಲು ಯಾಕೆಂದು?" ಎಂದೆ. ಸುಮ್ಮನಾದ.

ಆಮೇಲೆ ತಾನಾಗಿಯೇ ಒಂದು ತಪ್ಪನ್ನು ಹುಡುಕಿಕೊಂಡ. ಬೇರೊಂದು ಮುಕ್ತ ತಂತ್ರಾಂಶದಲ್ಲಿ ಅರ್ಕಾವತ್ತಿನ ಪದ ಸಾಲಿನ ಅಂಚಿಗೆ ಬಂದರೆ ಒಡೆದುಹೋಗುತ್ತಿತ್ತು. ಕರ್ನಾಟಕವೆಂದು ಬರೆದರೆ 'ಕರ್' ಈ ಸಾಲಿನಲ್ಲಿ, 'ನಾಟಕ' ಮುಂದಿನ ಸಾಲಿನಲ್ಲಿ! ಹನ್ನೊಂದು ರಾತ್ರಿ ಕೂತ. ಯಂತ್ರವನ್ನೂ ಕೇಳಿದ, ಇಲ್ಲವೆನ್ನುವುದಿಲ್ಲ. ಆದರೆ ಕೇಳಿದ್ದನ್ನು ಒರೆಗೆ ಹಚ್ಚಿ ನೋಡಿದ. ತಿದ್ದುಪಡಿ ಬಂದದ್ದು ನಾಲ್ಕೇ ಸಾಲು. ಪ್ರತಿಯೊಂದು ಸಾಲೂ ಯಾಕೆಂದು ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ.

ಕಳಿಸಿ ಆರು ವಾರವಾಯಿತು. ಉತ್ತರ ಬಂದಿಲ್ಲ. ಆ ನೀರುಗಂಟಿಯ ಮೇಜಿನ ಮೇಲೆ ಇನ್ನೆಷ್ಟು ರಾಶಿ ಬಿದ್ದಿದೆಯೋ, ಅದರ ಅಡಿಯಲ್ಲಿ ಇವನ ನಾಲ್ಕು ಸಾಲು ಎಲ್ಲಿದೆಯೋ. ದಿನ ಬೆಳಗ್ಗೆ ಎದ್ದು ನೋಡುತ್ತಾನೆ. ಹುಡುಗ ಅಲ್ಲಿಯೇ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಊಟದ ಪಂಕ್ತಿಯಲ್ಲಿ ನೀವೇ ವಿಚಾರಿಸಬಹುದು.