ಮೊಬೈಲಿನಲ್ಲಿ ಪುಸ್ತಕ ವ್ಯಾಪಾರ

ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ಕೂಡ ಪುಸ್ತಕಗಳನ್ನು ಹಿಡಿದು ಓದುಗರ ಬಳಿಗೇ ಹೋದವರು. ಕನ್ನಡದಲ್ಲಿ ಬರೆಯುವವರೇ ಮಾರಲೂ ನಿಲ್ಲಬೇಕಾದ ಸ್ಥಿತಿ ಹೊಸದೇನಲ್ಲ.

ಈಗ ಆ ಓಡಾಟ ಮೊಬೈಲಿಗೆ ಬಂದಿದೆ. ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಅದರ ಮುಖಪುಟ ಫೇಸ್‌ಬುಕ್‌ನಲ್ಲಿ ಕಾಣಿಸುತ್ತದೆ. ಕೆಳಗೆ ಪ್ರಕಟಣಪೂರ್ವ ರಿಯಾಯಿತಿ ದರ, ಒಂದು ವಾಟ್ಸ್‌ಆ್ಯಪ್ ನಂಬರು. ಓದುಗರು ಯುಪಿಐ ಮೂಲಕ ಹಣ ಹಾಕಿ, ಸ್ಕ್ರೀನ್‌ಶಾಟಿನ ಜೊತೆ ಪಿನ್‌ಕೋಡ್ ಸಮೇತ ವಿಳಾಸ ಕಳಿಸುತ್ತಾರೆ. ಪುಸ್ತಕ ಅಂಚೆಯಲ್ಲಿ ಮನೆಗೆ ಬರುತ್ತದೆ. ಎಷ್ಟು ಪ್ರತಿ ಬೇಕೆಂಬ ಅಂದಾಜು ಮೊದಲೇ ಸಿಗುವುದರಿಂದ ಸಣ್ಣ ಪ್ರಕಾಶಕರು ಸಾವಿರಗಟ್ಟಲೆ ಅಚ್ಚು ಹಾಕಿಸಿ ಗೋದಾಮಿನಲ್ಲಿ ಪೇರಿಸಿಡಬೇಕಿಲ್ಲ. ಪುಸ್ತಕದಂಗಡಿಯೇ ಇಲ್ಲದ ತಾಲ್ಲೂಕುಗಳ ಓದುಗರಿಗಂತೂ ಇದು ನಿಜಕ್ಕೂ ದೊಡ್ಡ ಉಪಕಾರ.

ಹಳೆಯ ಪುಸ್ತಕಗಳೂ ಜಾಲತಾಣಗಳ ಮೂಲಕ ಮತ್ತೆ ಚಲಾವಣೆಗೆ ಬರುತ್ತವೆ. ಅಮೆರಿಕದ ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ ಕಾದಂಬರಿ ಬಂದದ್ದು 2016ರಲ್ಲಿ. ಐದು ವರ್ಷಗಳ ಬಳಿಕ, ಟಿಕ್‌ಟಾಕ್‌ನಲ್ಲಿ ಓದುಗರು ಕಣ್ಣೀರು ಒರೆಸಿಕೊಳ್ಳುತ್ತ ಮಾಡಿದ ವಿಡಿಯೊಗಳಿಂದ ಅದು ಮಾರಾಟದ ಪಟ್ಟಿಯಲ್ಲಿ ಮೇಲಕ್ಕೇರಿತು. ಆ ಪ್ರಚಾರ ಶುರುವಾದದ್ದು ಓದಿದವರಿಂದ.

ಆದರೆ ಯಾವ ಪೋಸ್ಟ್ ಯಾರಿಗೆ ಕಾಣಬೇಕೆಂದು ತೀರ್ಮಾನಿಸುವುದು ಜಾಲತಾಣ ನಡೆಸುವ ಕಂಪನಿಯ ಅಲ್ಗಾರಿದಮ್. ದಿನಕ್ಕೊಂದು ಪೋಸ್ಟ್ ಹಾಕುವವರು ಮುಂದೆ ಬರುತ್ತಾರೆ. ವರ್ಷಗಟ್ಟಲೆ ಕೂತು ಬರೆದವರು ಹಿಂದೆ ಉಳಿಯುತ್ತಾರೆ. ಇದು ಅನ್ಯಾಯವೇ. ಅಂಥವರ ಪುಸ್ತಕ ಓದಿ ಮೆಚ್ಚಿದವರು ಅದರ ಬಗ್ಗೆ ನಾಲ್ಕು ಸಾಲು ಬರೆದು ಹಂಚಿಕೊಳ್ಳಲಿ. ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂಬುದನ್ನೂ ಮರೆಯದೆ ತಿಳಿಸಲಿ.