ಪಾಲಕ್‌ಗೆ ಉಸಿರುಗಟ್ಟಿದಾಗ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ತಾರಸಿಯ ಮೇಲೊಂದು ವಿಚಿತ್ರ ನಡೆಯಿತು. ನಾಲ್ಕು ಬಾಟಲಿಗಳಲ್ಲಿ ಬೆಳೆಸಿದ್ದ ಪಾಲಕ್ ಗಿಡಗಳು ಒಂದು ಮಧ್ಯಾಹ್ನ ಎಲೆ ಜೋಲುಹಾಕಿಕೊಂಡು ನಿಂತಿದ್ದವು. ಗಿಡ ಬಾಡಿದರೆ ನೀರು ಹಾಕಬೇಕು, ಅದು ಯಾರಿಗೆ ಗೊತ್ತಿಲ್ಲ? ಆದರೆ ಇವು ನಿಂತಿದ್ದದ್ದೇ ನೀರಿನಲ್ಲಿ! ಬಾಟಲಿಯ ಕಂಠದವರೆಗೂ ನೀರಿತ್ತು.

ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವುದಕ್ಕೆ ಹೈಡ್ರೊಪೋನಿಕ್ಸ್ ಅನ್ನುತ್ತಾರೆ. ಹೆಸರು ಹೊಸದು ಅನ್ನಿಸಬಹುದು, ವಿದ್ಯೆ ಹಳೆಯದು. ಮಣ್ಣಿನಿಂದ ಗಿಡ ಹೀರಿಕೊಳ್ಳುವ ಲವಣಗಳನ್ನು ನೀರಿನಲ್ಲಿ ಕರಗಿಸಿಕೊಟ್ಟರೆ ಸಾಕು, ಮಣ್ಣೇ ಬೇಡ ಎಂದು ಜರ್ಮನಿಯ ಯೂಲಿಯುಸ್ ಫಾನ್ ಸಾಕ್ಸ್ 1860ರ ಸುಮಾರಿಗೇ ತೋರಿಸಿದ್ದರು. ನನ್ನದು ಅಂಥ ದೊಡ್ಡ ಸಾಹಸವೇನಲ್ಲ. ತಂಪುಪಾನೀಯದ ಎರಡು ಲೀಟರಿನ ಬಾಟಲಿಯ ಕತ್ತು ಕತ್ತರಿಸಿ, ಅಲ್ಲಿ ತೂತು ಮಾಡಿದ ಲೋಟವೊಂದನ್ನು ಕೂರಿಸಿದ್ದೆ. ಲೋಟದೊಳಗೆ ತೆಂಗಿನ ನಾರಿನ ಪುಡಿ, ಅದರಲ್ಲೊಂದು ಸಸಿ. ಕೆಳಗೆ ಗೊಬ್ಬರ ಕರಗಿಸಿದ ನೀರು. ಅಷ್ಟೇ.

ಒಂದು ಲೋಟವನ್ನು ಮೇಲೆತ್ತಿ ನೋಡಿದೆ. ನೀರಲ್ಲಿ ಬೆಳೆದ ಬೇರು ಚೆನ್ನಾಗಿದ್ದರೆ ಶ್ಯಾವಿಗೆಯ ಹಾಗೆ ಬೆಳ್ಳಗಿರುತ್ತದೆ. ಇದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಎಳೆಗಳೆಲ್ಲ ಲೋಳೆಲೋಳೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹೂದಾನಿಯ ನೀರನ್ನು ವಾರಗಟ್ಟಲೆ ಬದಲಿಸದಿದ್ದರೆ ಬರುತ್ತದಲ್ಲ, ಅದೇ ವಾಸನೆ. ಒಂದು ಬೇರನ್ನು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದೆ. ಮೇಲಿನ ಸಿಪ್ಪೆ ಕಾಲುಚೀಲ ಕಳಚಿದಂತೆ ಜಾರಿ ಕೈಗೆ ಬಂತು. ಗಿಡದಲ್ಲಿ ಉಳಿದದ್ದು ಒಳಗಿನ ನೂಲಿನಂಥ ಎಳೆ ಮಾತ್ರ.

ಇದೇ ಬೇರುಕೊಳೆ. ಮಣ್ಣಿಲ್ಲದೆ ಗಿಡ ಬೆಳೆಸಹೊರಟ ಎಲ್ಲರ ಮನೆಗೂ ಒಂದಲ್ಲ ಒಂದು ದಿನ ಬರುವ ಅತಿಥಿ. ನಮ್ಮನೆಗೆ ಕರೆದವನು ನಾನೇ. ಹೇಗೆ ಅಂತ ಹೇಳುತ್ತೇನೆ, ಅದಕ್ಕೆ ಮೊದಲು ಬೇರಿನ ಬಗ್ಗೆ ಒಂದು ಮಾತು.

ಬೇರು ನೀರು ಕುಡಿಯುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಅದು ಉಸಿರಾಡುತ್ತದೆ ಎಂಬುದು ಮಾತ್ರ ಮರೆತುಹೋಗುತ್ತದೆ. ಎಲೆಯಿಂದ ಇಳಿದುಬಂದ ಸಕ್ಕರೆಯನ್ನು ಆಮ್ಲಜನಕದ ಸಹಾಯದಿಂದ ಒಡೆದರೇ ಬೇರಿಗೆ ಕೆಲಸ ಮಾಡಲು ಶಕ್ತಿ. ಹೊಲದ ಮಣ್ಣಿನಲ್ಲಿ ಕಣಕಣದ ನಡುವೆ ಸಂದುಗಳಿವೆ, ಎರೆಹುಳು ಕೊರೆದ ದಾರಿಗಳಿವೆ. ಗಾಳಿ ಅಲ್ಲೆಲ್ಲ ಓಡಾಡುತ್ತದೆ. ಬಾಟಲಿಯ ನೀರಿನಲ್ಲಿ ಎಲ್ಲಿದೆ ಗಾಳಿ?

ಇದೆ, ಸ್ವಲ್ಪ ಇದೆ. ನೋಡಬೇಕೆಂದರೆ ಫ್ರಿಜ್ಜಿನ ತಣ್ಣನೆಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಕಿಟಕಿಯ ಬಿಸಿಲಿನಲ್ಲಿಡಿ. ಸ್ವಲ್ಪ ಹೊತ್ತಿನಲ್ಲೇ ಲೋಟದ ಒಳಮೈಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿರುತ್ತವೆ. ನೀರಲ್ಲಿ ಕರಗಿದ್ದ ಗಾಳಿ ಅದು. ನೀರು ಬೆಚ್ಚಗಾಗುತ್ತಿದ್ದ ಹಾಗೆ ಹಿಡಿದಿಟ್ಟುಕೊಳ್ಳಲಾಗದೆ ಹೊರಕ್ಕೆ ಬಿಟ್ಟಿದೆ. ಲೆಕ್ಕ ಹೇಳುವುದಾದರೆ, 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುತ್ತಲಿನ ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಏಳೂವರೆ ಮಿಲಿಗ್ರಾಂ. ಒಂದು ಲೀಟರ್ ಗಾಳಿಯಲ್ಲಿ ಎಷ್ಟಿದೆ ಗೊತ್ತೇ? ಸುಮಾರು 270 ಮಿಲಿಗ್ರಾಂ! ಮೂವತ್ತು ಪಟ್ಟು. ಇನ್ನೊಂದು ಪೇಚೂ ಇದೆ: ಬೆಚ್ಚಗಾದಷ್ಟೂ ಬೇರಿನ ಉಸಿರಾಟ ಜೋರಾಗುತ್ತದೆ. ಹಸಿವು ಏರುವ ಹೊತ್ತಿಗೇ ತಟ್ಟೆಯಲ್ಲಿ ಅನ್ನ ಕಮ್ಮಿ.

ಆಮ್ಲಜನಕ ತೀರಿತೆಂದರೆ ಬೇರಿನ ಜೀವಕೋಶಗಳು ನೀರನ್ನು ಒಳಬಿಡುವ ತಮ್ಮ ಸಣ್ಣ ಬಾಗಿಲುಗಳನ್ನು ಮುಚ್ಚತೊಡಗುತ್ತವೆ. ಮೇಲೆ ಎಲೆಗಳು ಬಿಸಿಲಿಗೆ ನೀರು ಆರಿಸುತ್ತಲೇ ಇರುತ್ತವೆ. ಕೆಳಗಿನಿಂದ ಬರುವುದಿಲ್ಲ, ಮೇಲಿನಿಂದ ಹೋಗುವುದು ನಿಲ್ಲುವುದಿಲ್ಲ. ಪಾಲಕ್ ನೀರಿನಲ್ಲಿ ನಿಂತೇ ಬಾಡಿದ್ದು ಹೀಗೆ.

ನಿಮ್ಮಲ್ಲೊಬ್ಬರು ಈಗ ಕೈ ಎತ್ತಿರಬೇಕು: "ಹಾಗಾದ್ರೆ ಭತ್ತ? ಅದು ಕೆಸರಿನಲ್ಲೇ ಇರತ್ತಲ್ಲ? ತಾವರೆ?" ಒಳ್ಳೆಯ ಪ್ರಶ್ನೆ. ತಾವರೆಯ ದಂಟನ್ನು ಅಡ್ಡಕ್ಕೆ ಕತ್ತರಿಸಿ ನೋಡಿ, ಉದ್ದಕ್ಕೂ ಕೊಳವೆಯಂಥ ತೂತುಗಳು. ಎಲೆಯ ಕಡೆಯಿಂದ ಕೆಸರಿನೊಳಗಿನ ಗಡ್ಡೆಯವರೆಗೂ ಗಾಳಿ ಸಾಗುವ ಸುರಂಗ ಅದು. ಭತ್ತದ ಬೇರಿನಲ್ಲೂ ಇಂಥ ಗಾಳಿದಾರಿಗಳಿವೆ. ಪಾಲಕ್‌ಗೆ ಆ ಸೌಲಭ್ಯ ಇಲ್ಲ.

ಉಸಿರುಗಟ್ಟಿ ಸೊರಗಿದ ಬೇರಿನ ಮೇಲೆ ಕಾದಿದ್ದು ಬೀಳುವವನು ಒಬ್ಬನಿದ್ದಾನೆ. ಹೆಸರು ಪಿಥಿಯಂ. ನೋಡಲು ಶಿಲೀಂಧ್ರದಂತೆ ಎಳೆಎಳೆಯಾಗಿದ್ದರೂ ಜಾತಿಯಿಂದ ಶಿಲೀಂಧ್ರವಲ್ಲ. ಕಡಲಿನ ಕಂದು ಪಾಚಿಗೆ ಹತ್ತಿರದ ನೆಂಟ. ಇದರ ಬೀಜಕಣಗಳಿಗೆ ಎರಡೆರಡು ಬಾಲಗಳಿವೆ, ಅವು ನೀರಿನಲ್ಲಿ ಈಜುತ್ತವೆ! ಒಂದೊಂದೂ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಸಣ್ಣದು. ಬೇರಿನಿಂದ ಒಸರುವ ಸಕ್ಕರೆಯ ಜಾಡು ಹಿಡಿದು ಬರುತ್ತವೆ, ಅಂಟಿಕೊಳ್ಳುತ್ತವೆ, ಬಾಲ ಕಳಚಿ ಬೇರಿನೊಳಗೆ ಎಳೆ ಚಾಚುತ್ತವೆ.

ಇದು ನಮ್ಮ ಊರುಗಳಿಗೆ ಅಪರಿಚಿತವೂ ಅಲ್ಲ. ಮಳೆಗಾಲದಲ್ಲಿ ಹೊಲದಲ್ಲಿ ನೀರು ನಿಂತರೆ ಶುಂಠಿ ಗಡ್ಡೆ ಕೊಳೆಯುತ್ತದಲ್ಲ, ಅದರ ಹಿಂದೆ ಇರುವುದೂ ಪಿಥಿಯಂ. ಅದಕ್ಕೇ ಶುಂಠಿಯವರು ಏರುಮಡಿ ಮಾಡಿ, ನಡುವೆ ನೀರು ಬಸಿದುಹೋಗಲು ಕಾಲುವೆ ತೆಗೆಯುವುದು. ಮಲೆನಾಡಿನ ಅಡಿಕೆಯ ಕೊಳೆರೋಗ ಇದರ ದಾಯಾದಿ ಫೈಟಾಫ್ತೊರಾದ ಕೆಲಸ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಆ ರೋಗವನ್ನು ತೋಟತೋಟದಲ್ಲಿ ಅಭ್ಯಾಸ ಮಾಡಿ 1910ರಲ್ಲಿ ಬರೆದು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಯುವುದು ಇವತ್ತಿಗೂ ನಡೆದಿದೆ. ಅದನ್ನೇ ನಮ್ಮ ಬಾಟಲಿಗೂ ನಾಲ್ಕು ಹನಿ ಹಾಕೋಣವೇ? ಖಂಡಿತ ಬೇಡ. ಗೊನೆಯ ಮೇಲೆ ತೆಳ್ಳಗೆ ಕೂರುವುದು ಬೇರೆ, ಬೇರು ಹಗಲೂ ರಾತ್ರಿ ಅದರಲ್ಲೇ ಮುಳುಗಿರುವುದು ಬೇರೆ. ಅಷ್ಟು ತಾಮ್ರಕ್ಕೆ ಬೇರೇ ಸುಟ್ಟುಹೋದೀತು. ಮೇಲಾಗಿ ಪಾಲಕ್ ನಾವು ತಿನ್ನುವ ಸೊಪ್ಪು.

ಈಗ ನನ್ನ ತಪ್ಪುಗಳಿಗೆ ಬರೋಣ. ಬಾಟಲಿಯ ಈ ವಿಧಾನಕ್ಕೆ ಕ್ರಾಟ್ಕಿ ವಿಧಾನ ಎಂದು ಹೆಸರು. ಹವಾಯಿ ವಿಶ್ವವಿದ್ಯಾಲಯದ ಬಿ. ಎ. ಕ್ರಾಟ್ಕಿ ರೂಪಿಸಿದ್ದು. ಇದರಲ್ಲಿ ಪಂಪಿಲ್ಲ, ಕರೆಂಟಿಲ್ಲ. ಗಿಡ ಕುಡಿದ ಹಾಗೆ ನೀರು ಕೆಳಗಿಳಿಯುತ್ತದೆ, ಮೇಲೆ ಖಾಲಿ ಜಾಗ ಉಂಟಾಗುತ್ತದೆ. ಆ ಜಾಗದಲ್ಲಿ ಉಳಿದ ಬೇರುಗಳು ತೇವದ ಗಾಳಿಯಲ್ಲಿ ಉಸಿರಾಡುತ್ತವೆ, ತುದಿಯ ಬೇರುಗಳು ನೀರು ಕುಡಿಯುತ್ತವೆ. ಗುಟ್ಟೆಲ್ಲ ಇರುವುದು ಆ ಖಾಲಿ ಜಾಗದಲ್ಲಿ. ನಾನೋ, ನೀರು ಇಳಿದದ್ದು ಕಂಡು ಮರುಗಿ, ದಿನಾ ಬೆಳಿಗ್ಗೆ ಕಂಠದವರೆಗೆ ತುಂಬಿಸಿದೆ. ಉಸಿರಾಡುವ ಬೇರುಗಳನ್ನು ಒಂದೊಂದಾಗಿ ಮುಳುಗಿಸಿದೆ. ಪ್ರೀತಿ ಜಾಸ್ತಿಯಾದರೂ ಕಷ್ಟ ನೋಡಿ.

ಸಾಲದ್ದಕ್ಕೆ ಬಾಟಲಿ ಪಾರದರ್ಶಕ. ಬೆಳಕು ಬಿದ್ದ ಗೊಬ್ಬರದ ನೀರಿನಲ್ಲಿ ಪಾಚಿ ಬೆಳೆಯದೆ ಇನ್ನೇನು? ಅದು ಗೊಬ್ಬರ ತಿಂದಿತು, ರಾತ್ರಿ ಹೊತ್ತು ಆಮ್ಲಜನಕಕ್ಕೂ ಪಾಲು ಕೇಳಿತು, ಸತ್ತ ಮೇಲೆ ಕೊಳೆತು ನೀರು ಕೆಡಿಸಿತು. ಏಪ್ರಿಲ್ ಬಿಸಿಲಿಗೆ ನೀರು ಎಷ್ಟು ಕಾದಿರಬಹುದೆಂದು ಥರ್ಮಾಮೀಟರ್ ಅದ್ದಿದೆ: 34 ಡಿಗ್ರಿ. ಬೇರಿಗೆ ಹಿತವಾದದ್ದು 18ರಿಂದ 22.

ಚಿಕಿತ್ಸೆಗೆ ಒಂದು ಸಂಜೆ ಹಿಡಿಯಿತು. ಗಿಡಗಳನ್ನು ಹೊರತೆಗೆದು ತಣ್ಣೀರಿನಲ್ಲಿ ಬೇರು ಜಾಲಿಸಿದೆ. ಬಿಸಿನೀರಿನಲ್ಲಿ ತೊಳೆದ ಕತ್ತರಿಯಿಂದ ಕಂದು ಬೇರನ್ನೆಲ್ಲ ಕತ್ತರಿಸಿ ಬೆಳ್ಳಗಿದ್ದದ್ದನ್ನಷ್ಟೇ ಉಳಿಸಿದೆ. ಬೇರು ಕಮ್ಮಿಯಾದ ಮೇಲೆ ಅಷ್ಟೊಂದು ಎಲೆಗಳಿಗೆ ನೀರು ಪೂರೈಸಲಾಗದಲ್ಲ, ಹೊರಗಿನ ದೊಡ್ಡ ಎಲೆಗಳನ್ನೂ ತೆಗೆದೆ. ಬಾಟಲಿಗಳನ್ನು ಸೋಪು ಹಾಕಿ ಉಜ್ಜಿ ತೊಳೆದು ಹೊಸ ನೀರು ತುಂಬಿದೆ, ಈ ಸಲ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು. ಹಳೆಯ ನೀರಿನ ಒಂದು ತೊಟ್ಟೂ ಇನ್ನೊಂದು ಗಿಡಕ್ಕೆ ಸೋಕದಂತೆ ಚರಂಡಿಗೆ ಚೆಲ್ಲಿದೆ. ಆಮೇಲೆ ಬಾಟಲಿಗೆ ಕಪ್ಪು ಬಟ್ಟೆ, ಅದರ ಮೇಲೆ ಒದ್ದೆ ಗೋಣಿ ಸುತ್ತಿ ನೆರಳಿಗೆ ಸರಿಸಿದೆ. ಗೋಣಿಯ ನೀರು ಆರುವಾಗ ಬಾಟಲಿ ತಂಪಾಗುತ್ತದೆ, ಮಣ್ಣಿನ ಹೂಜಿಯ ಹಾಗೆ.

ಕೆಲವರು ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ನೀರಿಗೆ ಬೆರೆಸುತ್ತಾರೆ. ಅದು ಒಡೆದು ನೀರೂ ಆಮ್ಲಜನಕವೂ ಆಗುತ್ತದೆ, ನಿಜ. ಆದರೆ ಬೇರಿಗೆ ಕಾವಲಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ, ಕೈಗೆ ಬಿದ್ದರೆ ಉರಿಯುತ್ತದೆ. ನೀವು ಮುಟ್ಟಬೇಡಿ. ಗಾಳಿ ಹೆಚ್ಚಿಸಬೇಕೆಂದರೆ ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪು ಸಾಕು, ಅದು ಗುಳುಗುಳು ಎನ್ನುತ್ತಾ ಮೇಲ್ಮೈಯನ್ನು ಕಲಕಿದಷ್ಟೂ ಗಾಳಿ ನೀರಿಗೆ ಇಳಿಯುತ್ತದೆ. ದೊಡ್ಡ ದೊಡ್ಡ ತೋಟಗಳಲ್ಲಿ ನೀರನ್ನೇ ತಂಪು ಮಾಡುವ ಯಂತ್ರಗಳಿರುತ್ತವೆ. ಅಲ್ಲಿ ನೂರಾರು ಗಿಡಗಳಿಗೆ ಒಂದೇ ನೀರು ಸುತ್ತುವುದರಿಂದ ಒಂದಕ್ಕೆ ರೋಗ ಬಂದರೆ ಊರಿಗೆಲ್ಲ ಬಂದಂತೆ.

ಗಗನಯಾತ್ರಿಗಳಿಗೂ ಈ ಪೇಚು ತಪ್ಪಿದ್ದಲ್ಲ. 2015ರ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಜಿನಿಯಾ ಗಿಡಗಳು ನೀರು ಹೆಚ್ಚಾಗಿ ಎಲೆ ಮುದುಡಿ ಬೂಷ್ಟು ಹಿಡಿದವು. ಅಲ್ಲಿದ್ದ ಗಗನಯಾತ್ರಿ ಸ್ಕಾಟ್ ಕೆಲ್ಲಿ ಆರೈಕೆಗೆ ನಿಂತರು. ಫ್ಯಾನಿನ ಗಾಳಿ ಜೋರು ಮಾಡಿದರು, ಗಿಡ ನೋಡಿ ನೀರು ಕೊಟ್ಟರು. ಕೆಲವು ಸತ್ತವು, ಉಳಿದವು 2016ರ ಜನವರಿಯಲ್ಲಿ ಹೂ ಬಿಟ್ಟವು.

ನನ್ನ ನಾಲ್ಕರಲ್ಲಿ ಎರಡು ಉಳಿದವು. ಹತ್ತು ದಿನಕ್ಕೆ ಅವುಗಳ ಬುಡದಲ್ಲಿ ಹೊಸ ಬಿಳಿ ಬೇರು ಕಂಡಿತು. ನಿಮ್ಮ ಮನೆಯಲ್ಲೂ ಕಿಟಕಿಯ ಮೇಲೊಂದು ಮನಿಪ್ಲಾಂಟ್ ಬಾಟಲಿ ಇದ್ದೀತು. ಇವತ್ತೇ ಅದನ್ನು ಮೆಲ್ಲಗೆ ಮೇಲೆತ್ತಿ ಬೇರು ನೋಡಿ. ಕಂದು ಕಂಡ ಕೂಡಲೇ ಗಾಬರಿಯಾಗಬೇಡಿ, ಗೊಬ್ಬರದ ಬಣ್ಣವೂ ಬೇರಿಗೆ ಹತ್ತುತ್ತದೆ. ಒಮ್ಮೆ ಮುಟ್ಟಿ, ಮೂಸಿ. ಲೋಳೆಯೂ ನಾತವೂ ಇದ್ದರೆ ಕತ್ತರಿ ಹಿಡಿಯಲು ಅಮ್ಮನನ್ನೋ ಅಪ್ಪನನ್ನೋ ಕರೆಯಿರಿ.