ಹೆಸರು ಬಾಡಿಗೆಗೆ ಕೊಡಬ್ಯಾಡ್ರಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಬಹುಪಾಲು ಆಡಿದ ಹಾಗೆಯೇ ಇಳಿಸಿದ್ದೇವೆ.)



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಬಂದು ಇಲ್ಲಿ ಓದ್ಲಾಕತ್ತೀರಿ. ನೀವು ಈಗ ಕೂತಿರೋ ನೆಲ ಒಂದ್ಸಲ ಕೈಯಿಂದ ಮುಟ್ಟಿ ನೋಡ್ರಿ. ಇದು ನಮ್ಮ ಕಡೆಯ ಹಾಸುಗಲ್ಲು. ಚಿತ್ತಾಪುರದ ಗಣಿಯಿಂದ ಬಂದಿರಬಹುದು, ಸೇಡಂ ಕಡೆಯದಿರಬಹುದು, ವಾಡಿ ಹತ್ತಿರದ್ದಿರಬಹುದು. ಎಲ್ಲಿಂದ ಬಂದರೂ ಪ್ಯಾಟ್ಯಾಗ ಅದಕ್ಕೆ ಒಂದೇ ಹೆಸರು: ಶಹಾಬಾದ ಕಲ್ಲು. ಮುಂಬೈ, ಪುಣೆ, ಹೈದರಾಬಾದಿನ ಹಳೇ ಮನೆಗಳಲ್ಲಿ ಈ ಹೆಸರು ಗೊತ್ತು. ಆದರೆ ಈ ಕಲ್ಲನ್ನು ನೆಲದಿಂದ ಎಬ್ಬಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರಲ್ಲಿ ನಿಮ್ಮ ಅಪ್ಪ ಇರಬಹುದು, ನಮ್ಮ ಅವ್ವ ಇರಬಹುದು.

ಇವತ್ತು ನಾವು ವ್ಯಾಪಾರದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇವೆ. ಕೆಲವರಿಗೆ ಆಶ್ಚರ್ಯ ಆಗಬಹುದು. 'ಹೋರಾಟದ ವೇದಿಕೆಯಲ್ಲಿ ಅಂಗಡಿ ಮಾತು ಯಾಕೆ? ಇದು ಬಂಡವಾಳಶಾಹಿಗಳ ಭಾಷೆಯಲ್ಲವೇ?' ಎಂದು ಕೇಳಬಹುದು. ಕೇಳಲೇಬೇಕು. ಭೂಮಿಯ ಹಕ್ಕು, ನೌಕರಿಯ ಹಕ್ಕು ಬಿಟ್ಟು ಎಲ್ಲರೂ ಅಂಗಡಿ ಇಡ್ರಿ ಅಂತ ನಾವು ಹೇಳುತ್ತಿಲ್ಲ. ಆದರೆ ಈ ಹಾಸ್ಟೆಲಿನಿಂದ ಹೊರಗೆ ಹೋಗುವ ನಿಮಗೆಲ್ಲ ಸರಕಾರಿ ನೌಕರಿ ಸಿಗುವುದಿಲ್ಲ. 371(ಜೆ) ಬಂದ ಮೇಲೂ ಎಲ್ಲರಿಗೂ ಸಿಕ್ಕಿಲ್ಲ. ಉಳಿದವರು ಏನು ಮಾಡುತ್ತಾರೆ? ಸಿಮೆಂಟ್ ಕಾರ್ಖಾನೆಯ ಗೇಟಿನ ಮುಂದೆ ಗುತ್ತಿಗೆ ಕೂಲಿಗೆ ನಿಲ್ಲುತ್ತಾರೆ. ಚಿಂಚೋಳಿಯ ತಾಂಡಾಗಳಿಂದ ಮುಂಬೈಗೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಇನ್ನು ಕೆಲವರು ಬೇರೆಯವರ ವ್ಯಾಪಾರಕ್ಕೆ ತಮ್ಮ ಹೆಸರು ಕೊಡುತ್ತಾರೆ. ಈ ಕಡೇ ಮಾತು ಹೇಳಲಿಕ್ಕೇ ನಾವು ಬಂದದ್ದು.

ಮೊದಲು ಒಂದು ಹಳೇ ಸಂಗತಿ. ಬಾಬಾಸಾಹೇಬರು 1917ರಲ್ಲಿ ಬರೋಡಾದ ನೌಕರಿ ಬಿಟ್ಟು ಮುಂಬೈಗೆ ಬಂದರು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿದ್ದ ಅವರು ಹೊಟ್ಟೆಪಾಡಿಗೆ ಷೇರು, ಹೂಡಿಕೆಯ ಬಗ್ಗೆ ಸಲಹೆ ಕೊಡುವ ಕಚೇರಿ ತೆರೆದರು. ಸಲಹೆ ಕೊಡುವವರು ಅಸ್ಪೃಶ್ಯರು ಎಂದು ಗೊತ್ತಾದ ಮೇಲೆ ಗಿರಾಕಿಗಳು ಬರುವುದು ನಿಂತಿತು. ಕಚೇರಿ ಮುಚ್ಚಿತು. ಜ್ಞಾನ ಕಡಿಮೆ ಇತ್ತೇ? ಬೆಲೆ ಹೆಚ್ಚಿತ್ತೇ? ಎರಡೂ ಅಲ್ಲ. ಗಿರಾಕಿ ಸರಕು ನೋಡಲಿಲ್ಲ, ಹೆಸರು ನೋಡಿದ.

ಮಾರುಕಟ್ಟೆಗೆ ಜಾತಿ ಇಲ್ಲ, ದುಡ್ಡಿಗೆ ಮೈಲಿಗೆ ಇಲ್ಲ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ನಮ್ಮ ಜೊತೆಗಾರನೊಬ್ಬ ತನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾದ ಅಂಗಡಿ ಇಟ್ಟಿದ್ದ. ಬಸ್ಸಿನಿಂದ ಇಳಿದ ಪರಊರಿನವರು ಕುಡಿಯುತ್ತಿದ್ದರು, ಊರಿನವರು ದಾಟಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಮೂರು ತಿಂಗಳಿಗೆ ಬಾಗಿಲು ಹಾಕಿದ. ಅವನ ಚಹಾ ಚಲೋ ಇತ್ತು, ನಾವು ಕುಡಿದಿದ್ದೇವೆ. ಹಾಗಾದರೆ ಅವನ ತಪ್ಪೇನು? ಜಾತಿ ತಪ್ಪಲ್ಲ. ಆದರೆ ಯಾರಿಗೆ ಮಾರುತ್ತೇವೆ ಎಂಬುದನ್ನು ಅವನು ಮೊದಲೇ ಯೋಚಿಸಿರಲಿಲ್ಲ. ವ್ಯಾಪಾರದ ಮೊದಲ ಪಾಠ ಇದು: ಸರಕು ತಯಾರು ಮಾಡೋದಕ್ಕಿಂತ ಮುಂಚೆ ಗಿರಾಕಿ ಯಾರು ಅಂತ ಗೊತ್ತು ಮಾಡ್ಕೋರಿ. ಬೇರೆಯವರಿಗೆ ಈ ಪಾಠ ಲಾಭಕ್ಕೆ ಬೇಕು. ನಮಗೆ ಉಳಿಯಲಿಕ್ಕೇ ಬೇಕು.

ಈಗ ರೊಟ್ಟಿಯ ಮಾತು. ಜೋಳದ ರೊಟ್ಟಿ ಬಡಿಯೋದು ನಮ್ಮ ಅವ್ವಂದಿರಿಗೆ ಯಾರೂ ಕಲಿಸಬೇಕಿಲ್ಲ. ಇತ್ತೀಚೆಗೆ ಜಿಲ್ಲಾಡಳಿತ ಮಹಿಳಾ ಸಂಘಗಳನ್ನು ಕೂಡಿಸಿ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಪ್ಯಾಕೆಟ್ಟು ಕಟ್ಟಿ ದೂರದ ಊರುಗಳಿಗೂ ಮಾರಲು ಶುರು ಮಾಡಿತು. 2025ರ ಜೂನ್ ತಿಂಗಳ ರೇಡಿಯೋ ಭಾಷಣದಲ್ಲಿ ಪ್ರಧಾನಿಯೂ ಅದರ ಮಾತೆತ್ತಿದರು. ರೊಟ್ಟಿ ಹೊಸದಲ್ಲ. ಹೆಸರು, ಪ್ಯಾಕೆಟ್ಟು, ದೂರದ ಗಿರಾಕಿ, ಈ ಮೂರೇ ಹೊಸದು. ತೊಗರಿಯೂ ಹಾಗೇ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಂದರೆ ಆ ಹೆಸರನ್ನು ಬೇರೆ ಕಡೆಯ ಬೇಳೆಗೆ ಅಂಟಿಸಿ ಮಾರುವಂತಿಲ್ಲ. ಬೇಳೆಗೂ ತನ್ನ ಹೆಸರಿನ ಮೇಲೆ ಹಕ್ಕು ಅದ. ನಮಗ?

ಆದರೆ ರೊಟ್ಟಿ ಬಡಿದರೆ ಸಾಲದು, ಲೆಕ್ಕ ಬರಬೇಕು. ಸುಮ್ಮನೆ ಲೆಕ್ಕಕ್ಕಾಗಿ ಹಿಡೀರಿ: ಒಂದು ರೊಟ್ಟಿಗೆ ಹಿಟ್ಟು 3 ರೂಪಾಯಿ, ಉರುವಲು 1, ಬಡಿದವರ ಕೂಲಿ 2, ಪ್ಯಾಕೆಟ್ಟು ಮತ್ತು ಸಾಗಾಟ 1. ಒಟ್ಟು 7. ಮಾರುವುದು 8ಕ್ಕೆ. ನೂರು ರೊಟ್ಟಿಗೆ ನೂರು ರೂಪಾಯಿ ಲಾಭ ಅಂತ ಖುಷಿಪಡಬ್ಯಾಡ್ರಿ. ನೂರರಲ್ಲಿ 5 ಮುರೀತಾವ. 95 ಮಾರಿದರೆ 760 ಬಂತು, ಖರ್ಚು 700. ಉಳಿದದ್ದು 60. ಇನ್ನು ಅದರಲ್ಲಿ 8 ರೊಟ್ಟಿ ಉದ್ರಿ ಹೋಗಿ ದುಡ್ಡು ಬರಲಿಲ್ಲ ಅಂದರೆ 64 ಹ್ವಾದವು. ಲಾಭ ಪೂರಾ ಹೋಗಿ 4 ರೂಪಾಯಿ ಕೈಯಿಂದ ಬಿತ್ತು. ಬಹಳ ಕಡೆ ಅವ್ವಂದಿರು ತಮ್ಮ ಕೂಲಿಯ 2 ರೂಪಾಯಿ ಹಿಡಿಯೋದೇ ಇಲ್ಲ. ತಮ್ಮ ದುಡಿಮೆಯನ್ನೇ ಲೆಕ್ಕದಿಂದ ಬಿಟ್ಟು 'ಲಾಭ ಬಂತು' ಅನ್ನುತ್ತಾರೆ. ಬಿಟ್ಟಿ ಚಾಕರಿಯ ರೂಢಿ ನಮ್ಮ ಲೆಕ್ಕದ ಪುಸ್ತಕದೊಳಗೂ ಬಂದು ಕೂತದ. ಬಿ.ಕಾಂ. ಓದುವವರು ನಿಮ್ಮಲ್ಲಿ ಇದ್ದೀರಿ. ಈ ರಜೆಗೆ ಊರಿಗೆ ಹೋದಾಗ ಕೇರಿಯ ಸಂಘದ ಲೆಕ್ಕವನ್ನು ಒಂದು ತಿಂಗಳು ಬರೆದು ಕೊಟ್ಟು ಬರ್ರಿ.

ಇನ್ನು ಕಲ್ಲಿನ ಕಡೆ ಬರೋಣ. ಟೈಲ್ಸ್ ಬಂದು ಶಹಾಬಾದ ಕಲ್ಲಿನ ವ್ಯಾಪಾರ ಬಿತ್ತು ಅಂತ ಎಲ್ಲರೂ ಹೇಳುತ್ತಾರೆ. ಮನೆಯೊಳಗಿನ ನೆಲದ ಮಟ್ಟಿಗೆ ನಿಜ. ಆದರೆ ಅಂಗಳಕ್ಕೆ, ತೋಟದ ಹಾದಿಗೆ, ಶಾಲೆಯ ಕಟ್ಟೆಗೆ ನುಣುಪು ಟೈಲ್ಸ್ ಜಾರುತ್ತದೆ, ನಮ್ಮ ಒರಟು ಕಲ್ಲು ಜಾರುವುದಿಲ್ಲ. ಇದು ಸುಣ್ಣಕಲ್ಲು. ನಿಂಬೆರಸ, ಹುಣಸೆ ರಸ, ಪಾಯಿಖಾನೆ ತೊಳೆಯುವ ಆಸಿಡ್ ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಈ ಗುಣ, ಈ ದೋಷ ಎರಡನ್ನೂ ಗಿರಾಕಿಗೆ ಮೊದಲೇ ಹೇಳುವವನನ್ನು ಗಿರಾಕಿ ನಂಬುತ್ತಾನೆ. ಜಾಹೀರಾತು ಅಂದರೆ ಬಣ್ಣದ ಬೋರ್ಡಲ್ಲ, ಈ ನಂಬಿಕೆ. ಕಲ್ಲಿನ ಗುಣ ನಮ್ಮವರಿಗಿಂತ ಚಲೋ ಯಾರಿಗೆ ಗೊತ್ತು? ಆದರೂ ಎಬ್ಬಿಸೋದು ನಾವು, ಹೊರೋದು ನಾವು, ಪಾಲಿಶ್ ಹಚ್ಚಿ ಧೂಳು ಕುಡಿಯೋದು ನಾವು. ಗಿರಾಕಿಯ ಮುಂದೆ ನಿಂತು ಮಾತಾಡಿ ದರ ಹೇಳೋನು ಇನ್ನೊಬ್ಬ. ಲಾಭ ಇರುವುದು ಆ ಮಾತಿನ ಜಾಗದಲ್ಲಿ. ನಾಲ್ಕು ಮಂದಿ ಕೂಡಿ ಒಂದು ಪಾಲಿಶ್ ಮಷೀನು ತಗೊಂಡು ತಾವೇ ದರ ಹೇಳಲಿಕ್ಕೆ ಶುರು ಮಾಡಿದರೆ ಆ ದಿನವೇ ಕೂಲಿ ಹೋಗಿ ಕಸುಬು ಆಗುತ್ತದೆ.

ಕಡೆಗೆ ಮುಖ್ಯ ಮಾತು. ಕರ್ನಾಟಕದಲ್ಲಿ ಸರಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ನಮಗೆ ಕಾನೂನಿನ ಪಾಲು ಇದೆ. 2017ರಿಂದ 50 ಲಕ್ಷದೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪರಿಶಿಷ್ಟ ಪಂಗಡಕ್ಕೆ 6.95 ಮೀಸಲಾಯಿತು. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಕೇಂದ್ರದ 2012ರ ಆದೇಶದ ಪ್ರಕಾರ ಕೇಂದ್ರ ಇಲಾಖೆಗಳು, ಕೇಂದ್ರ ಉದ್ಯಮಗಳು ತಮ್ಮ ಖರೀದಿಯಲ್ಲಿ ಶೇಕಡಾ 4ನ್ನು ಪರಿಶಿಷ್ಟರ ಸಣ್ಣ ಉದ್ಯಮಗಳಿಂದ ಮಾಡಬೇಕು. ವಾಡಿ ಜಂಕ್ಷನ್ನಿನಲ್ಲಿ ಓಡುವ ರೈಲ್ವೆಯೂ ಅದರೊಳಗೆ ಬರುತ್ತದೆ. ನಮ್ಮ ನೆಲ ಅಗೆದು ನಮ್ಮ ಊರಿಗೆ ಧೂಳು ಕೊಡುವ ಖಾಸಗಿ ಸಿಮೆಂಟ್ ಕಾರ್ಖಾನೆಗಳಿಗೆ ಈ ಕಟ್ಟಳೆ ಇಲ್ಲ. ಅದು ಮುಂದಿನ ಹೋರಾಟ. 2016ರಲ್ಲಿ ಶುರುವಾದ ಸ್ಟ್ಯಾಂಡ್ ಅಪ್ ಇಂಡಿಯಾದಲ್ಲಿ ಪ್ರತಿ ಬ್ಯಾಂಕ್ ಶಾಖೆಯೂ ಕನಿಷ್ಠ ಒಬ್ಬ ದಲಿತ ಅಥವಾ ಆದಿವಾಸಿಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕೆಂದಿತ್ತು. ಯೋಜನೆಗಳು ಬರುತ್ತವೆ, ಹೆಸರು ಬದಲಿಸುತ್ತವೆ, ಮುಗಿಯುತ್ತವೆ. ಅರ್ಜಿ ಹಾಕುವ ದಿನ ನಿಯಮ ಏನಿದೆ ಎಂದು ನೀವೇ ಓದಬೇಕು.

ಹಕ್ಕು ಬಂತು. ಆಮೇಲೆ ಏನಾಗುತ್ತದೆ? ಹಳೇ ಗುತ್ತಿಗೆದಾರ ಕೇರಿಗೆ ಬರುತ್ತಾನೆ. ಎಂದೂ ಬಾರದವನು ಬಂದು ಹೆಗಲ ಮೇಲೆ ಕೈ ಇಡುತ್ತಾನೆ. 'ತಮ್ಮಾ, ನೀ ಬರೇ ಸಹಿ ಮಾಡು, ಎಲ್ಲಾ ನಾ ನೋಡ್ಕೋತೀನಿ, ನಿನ್ನ ಮನಿಗೆ ಇಷ್ಟು ಅಂತ ಕೊಡ್ತೀನಿ' ಅನ್ನುತ್ತಾನೆ. ಜಾತಿ ಪ್ರಮಾಣಪತ್ರ ನಮ್ಮದು, ಲೈಸೆನ್ಸು ನಮ್ಮ ಹೆಸರಲ್ಲಿ. ಸಹಿ ಮಾಡಿದ ಖಾಲಿ ಚೆಕ್ ಪುಸ್ತಕ, ಡಿಜಿಟಲ್ ಸಹಿಯ ಕೀ, ಓಟಿಪಿ ಬರುವ ಸಿಮ್ಮು, ಮೂರೂ ಅವನ ಜೇಬಿನಲ್ಲಿ. ಬಿಲ್ಲು ಬಂದಾಗ ದುಡ್ಡು ಅವನದು. ರಸ್ತೆ ಕಿತ್ತು ಹೋದಾಗ ಕಪ್ಪುಪಟ್ಟಿಗೆ ಸೇರೋದು ನಮ್ಮ ಹೆಸರು. ಜಿಎಸ್‌ಟಿ ನೋಟಿಸು ಬರೋದು ನಮ್ಮ ಮನೆಗೆ. ಸರಕಾರದ ಕಡತದಲ್ಲಿ ಮಾತ್ರ 'ಪರಿಶಿಷ್ಟರ ಪಾಲು ಪೂರ್ತಿ ಕೊಡಲಾಗಿದೆ' ಎಂದು ಬರೆದಿರುತ್ತದೆ.

ಚಹಾದ ಅಂಗಡಿಯ ಮುಂದೆ ನಮ್ಮ ಹೆಸರು ಮೈಲಿಗೆ. ಟೆಂಡರಿನ ಕಾಗದದ ಮೇಲೆ ಅದೇ ಹೆಸರು ಬಂಗಾರ. ಇದೆಂಥಾ ನ್ಯಾಯ ಸ್ನೇಹಿತರೆ?

ಹಸಿದವನು ಹೆಸರು ಕೊಟ್ಟರೆ ಅವನನ್ನು ನಾವು ಬೈಯುವುದಿಲ್ಲ. ಮನೆಯಲ್ಲಿ ಮಗಳ ಮದುವೆ ಇರುತ್ತದೆ, ಸಾಲ ಇರುತ್ತದೆ. ಆದರೆ ನೀವು ಓದಿದವರು. ನಿಮಗೆ ಆ ನೆಪ ಇಲ್ಲ. ಒಬ್ಬ ತನ್ನ ಹೆಸರು ಬಾಡಿಗೆಗೆ ಕೊಟ್ಟರೆ ನಿಜವಾಗಿ ಕೆಲಸ ಮಾಡಲು ನಿಂತ ಹತ್ತು ಹುಡುಗರ ಬಾಗಿಲು ಮುಚ್ಚುತ್ತದೆ. ಯಾಕಂದರೆ ಕಡಿಮೆ ದರಕ್ಕೆ ಟೆಂಡರು ಹಾಕುವ ತಾಕತ್ತು ಹಿಂದೆ ನಿಂತ ಆ ದೊಡ್ಡ ಗುತ್ತಿಗೆದಾರನಿಗೆ ಇರುತ್ತದೆ, ಆ ಹುಡುಗರಿಗೆ ಇರುವುದಿಲ್ಲ.

ಹಾಗಾದರೆ ಏನು ಮಾಡೋಣ? ಸಣ್ಣದರಿಂದ ಶುರು ಮಾಡ್ರಿ. 5 ಲಕ್ಷದ ಚರಂಡಿ ಕೆಲಸ ಚಿಕ್ಕದಲ್ಲ, ಅದರಲ್ಲಿ ಅಳತೆ ಪುಸ್ತಕ ಓದೋದು ಕಲೀತೀರಿ. ನಾಲ್ಕೈದು ಮಂದಿ ಕೂಡ್ರಿ: ಒಬ್ಬ ಡಿಪ್ಲೊಮಾ ಓದಿದವನು, ಒಬ್ಬ ಲೆಕ್ಕ ಬಲ್ಲವಳು, ಒಬ್ಬ ಮೇಸ್ತ್ರಿ. ಕಾಗದದ ಮೇಲೆ ಯಾರ ಪಾಲು ಎಷ್ಟು ಅಂತ ಮೊದಲೇ ಬರೀರಿ, ಅಣ್ಣ ತಮ್ಮಂದಿರಾದರೂ ಬರೀರಿ. ಬ್ಯಾಂಕಿನವರು ಬಾಯಿಮಾತಿನಲ್ಲಿ ಇಲ್ಲ ಅಂದರೆ ಬರಹದಲ್ಲಿ ಕೊಡ್ರಿ ಅನ್ನಿ. ನಿಮ್ಮ ತಾಲೂಕಿನಲ್ಲಿ ಮೀಸಲು ಕಾಮಗಾರಿ ಯಾರ ಹೆಸರಿಗೆ ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳ್ರಿ. ಆಮೇಲೆ ಆ ಮನೆಗೆ ಹೋಗಿ ಕೂತು, ಬೈಯದೆ, ಮಾತಾಡಿ ಬರ್ರಿ.

ಕಲ್ಲಿಗೆ ಊರಿನ ಹೆಸರು ಬಂತು, ಬೇಳೆಗೆ ಜಿಲ್ಲೆಯ ಹೆಸರು ಬಂತು. ನಿಮ್ಮ ಹೆಸರು ಬೋರ್ಡಿನ ಮೇಲೂ ಇರಲಿ, ಚೆಕ್ಕಿನ ಮೇಲೂ ಇರಲಿ. ಚೆಕ್ ಪುಸ್ತಕ ನಿಮ್ಮ ಜೇಬಿನಾಗೇ ಇರಲಿ.

ಜೈಭೀಮ್.